ಮುದಗಲ್ ಚರ್ಚಿಗೆ ಎಷ್ಟು ಯಜಮಾನರು?

ಚರ್ಚು ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ಬ್ರಿಟಿಷರು. ದಂಡು ಬಂತು, ದಂಡಿನ ಹಿಂದೆ ಪಾದ್ರಿ ಬಂದರು, ಕಂಟೋನ್ಮೆಂಟಿನಲ್ಲಿ ಚರ್ಚು ಎದ್ದಿತು ಅಂತ. ಬಳ್ಳಾರಿಯ ಮಟ್ಟಿಗೆ ಈ ಮಾತು ಬಹುಪಾಲು ಸರಿ. ಆದರೆ ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿನ ಕಥೋಲಿಕ ಕ್ರೈಸ್ತರ ಚರ್ಚಿಗೆ ಹಳೆಯ ದಾಖಲೆಗಳು ಕೊಡುವ ವರ್ಷ 1557. ಆಗ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಹುಟ್ಟೇ ಇರಲಿಲ್ಲ. ಅದು ಹುಟ್ಟಿದ್ದು 1600ರಲ್ಲಿ. ತಾಳಿಕೋಟೆ ಯುದ್ಧಕ್ಕೆ ಇನ್ನೂ ಎಂಟು ವರ್ಷ ಬಾಕಿ ಇತ್ತು. ಹಂಪಿಯ ಬಜಾರಿನಲ್ಲಿ ಇನ್ನೂ ಜೋರಾಗಿ ವ್ಯಾಪಾರ ನಡೆಯುತ್ತಿತ್ತು.

ಹಾಗಾದರೆ ಸಮುದ್ರದಿಂದ ಇಷ್ಟು ದೂರದ, ಬಿಸಿಲ ನಾಡಿನ ಒಂದು ಕೋಟೆ ಊರಿಗೆ ಕ್ರಿಸ್ತನ ಹೆಸರು ಹೇಗೆ ಬಂತು? ಬಂದದ್ದು ಹೇಗೆ ಉಳಿಯಿತು? ಎರಡನೇ ಪ್ರಶ್ನೆಯೇ ನನಗೆ ದೊಡ್ಡದು ಅನ್ನಿಸುತ್ತದೆ. ಯಾಕಂದ್ರೆ ಈ ಚರ್ಚಿನ ಮೇಲೆ ಹಕ್ಕು ಹೇಳಿದವರು ಒಬ್ಬರಲ್ಲ. ಗೋವಾ, ರೋಮ್, ಹೈದರಾಬಾದ್, ಈಗ ಬಳ್ಳಾರಿ. ಕೋಟೆಯ ಒಡೆಯರೂ ಬದಲಾದರು, ಚರ್ಚಿನ ಮೇಲಿನವರೂ ಬದಲಾದರು. ಒಳಗೆ ಮೊಣಕಾಲೂರಿ ಕೂತ ಜನ ಮಾತ್ರ ಬದಲಾಗಲಿಲ್ಲ.

ಮೊದಲು ಊರು ನೋಡೋಣ. ಲಿಂಗಸುಗೂರಿನಿಂದ ನೈಋತ್ಯಕ್ಕೆ ಸುಮಾರು 16 ಕಿ.ಮೀ. ಹೋದರೆ ಮುದಗಲ್. ಅದೇ ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ, ಅಶೋಕನ ಶಾಸನ ಸಿಕ್ಕ ಮಸ್ಕಿಯೂ ದೂರವಿಲ್ಲ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯನ್ನು ಇತಿಹಾಸದ ಪುಸ್ತಕಗಳಲ್ಲಿ ರಾಯಚೂರು ದೋಆಬ್ ಅಂತ ಓದಿರುತ್ತೀರಿ. ಉತ್ತರಕ್ಕೆ ಬಹಮನಿಗಳು, ಆಮೇಲೆ ಬಿಜಾಪುರದ ಆದಿಲ್ ಶಾಹಿಗಳು. ದಕ್ಷಿಣಕ್ಕೆ ವಿಜಯನಗರ. ನಡುವೆ ಸಿಕ್ಕಿಕೊಂಡವರು ರಾಯಚೂರಿನವರು, ಮುದಗಲ್ಲಿನವರು. 1406ರಲ್ಲಿ ಮುದಗಲ್ಲಿನ ಅಕ್ಕಸಾಲಿಗರ ಮನೆಯ ಒಬ್ಬ ಚೆಲುವೆಯ ಕಾರಣಕ್ಕೆ ವಿಜಯನಗರದ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಶಾಹನಿಗೂ ಯುದ್ಧವೇ ಆಯಿತು ಅಂತ ಪರ್ಷಿಯನ್ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಹುಡುಗಿ ನೆಪ ಇರಬಹುದು. ಎರಡು ನದಿ ನಡುವಿನ ಎರೆ ಭೂಮಿ, ಕೋಟೆಗಳು, ಗಡಿ, ಇವಿಷ್ಟು ಸಾಕಲ್ವಾ ಯುದ್ಧಕ್ಕೆ?

ಮುದಗಲ್ ಕೋಟೆಯನ್ನು ಹತ್ತಿರದಿಂದ ನೋಡಿದವರಿಗೆ ಆ ಗಡಿಯ ಭಯ ಎಂಥದ್ದು ಅಂತ ಗೊತ್ತಾಗುತ್ತದೆ. ಹೊರಗೋಡೆ ಒಂದು, ಒಳಗೋಡೆ ಇನ್ನೊಂದು. ಗುಡ್ಡದ ಗುಂಡುಗಳನ್ನೇ ಜೋಡಿಸಿ ಎಬ್ಬಿಸಿದ ಹಾಗಿರುವ ದೊಡ್ಡ ದೊಡ್ಡ ಗ್ರಾನೈಟ್ ಕಲ್ಲು. ಬಾಗಿಲಿನಲ್ಲಿ ನೇರ ಒಳಗೆ ನುಗ್ಗಲು ಬಾರದ ಹಾಗೆ ತಿರುವು. ಸುತ್ತ ಕಂದಕ. ಕೆಲವು ಕಡೆ ಆ ಕಂದಕ 50 ಗಜದಷ್ಟು ಅಗಲ. ಮಳೆ ಚೆನ್ನಾಗಿ ಬಿದ್ದ ವರ್ಷ ಅದರಲ್ಲಿ ನೀರು ತುಂಬಿ ಹಸಿರಾಗಿ ನಿಂತಾಗ ಅದು ಊರ ಕೆರೆಯ ಹಾಗೇ ಕಾಣುತ್ತದೆ. ಶತ್ರುವನ್ನು ತಡೆಯಲು ತೋಡಿದ ನೀರು. ಅದರ ನೆರಳಲ್ಲೇ ನೇಕಾರರು, ರೈತರು, ಸಿಪಾಯಿಗಳು, ಫಕೀರರು, ಜಂಗಮರು ಎಲ್ಲ ಬದುಕಿದರು. ಕ್ರೈಸ್ತರು ಸೇರಿಕೊಂಡದ್ದೂ ಇಲ್ಲಿಯೇ.

ಪೋರ್ತುಗೀಸರು ಗೋವಾ ಹಿಡಿದದ್ದು 1510ರ ನವೆಂಬರಿನಲ್ಲಿ. ಯಾರಿಂದ ಹಿಡಿದರು ಅನ್ನುವುದು ಮುಖ್ಯ: ಬಿಜಾಪುರದಿಂದ. ಅಂದಿನಿಂದ ಆದಿಲ್ ಶಾಹಿಗಳಿಗೆ ಅವರು ಪಕ್ಕದ ಮನೆಯ ಶತ್ರು. ಆದರೆ ಪೂರಾ ಬಿಟ್ಟುಬಿಡಲು ಆಗದ ಶತ್ರು. ಅರಬಸ್ತಾನ, ಪರ್ಷಿಯಾದ ಕುದುರೆ ಇಳಿಯುತ್ತಿದ್ದದ್ದು ಗೋವಾದಲ್ಲಿ. ಕುದುರೆ ಇಲ್ಲದೆ ಯುದ್ಧ ಇಲ್ಲ. ಮೆಕ್ಕಾಗೆ ಹೋಗುವ ಹಡಗಿಗೂ ಪೋರ್ತುಗೀಸರ ರಹದಾರಿ ಬೇಕಾಗಿತ್ತು. ಹೀಗಾಗಿ ಬಿಜಾಪುರ ಮತ್ತು ಗೋವಾ ಒಂದು ವರ್ಷ ಬಡಿದಾಡುತ್ತಿದ್ದವು, ಮರುವರ್ಷ ಒಪ್ಪಂದ ಮಾಡಿಕೊಳ್ಳುತ್ತಿದ್ದವು.

ವಿಜಯನಗರಕ್ಕೂ ಇದೇ ಕುದುರೆ ಬೇಕಿತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೋವಾವ್ ದೆ ಫಿಗೆರೆದೊ ಎಂಬ ಪೋರ್ತುಗೀಸನು ತನ್ನ ಬಂದೂಕಿನ ಜನರೊಂದಿಗೆ ಅಲ್ಲಿದ್ದ. ಗೋಡೆಯ ಮೇಲೆ ತಲೆ ಎತ್ತಿದವರನ್ನು ಅವನ ಕಡೆಯವರು ಗುರಿಯಿಟ್ಟು ಹೊಡೆದರು, ಕೆಳಗೆ ರಾಯನ ಸೈನಿಕರು ಗೋಡೆಯ ಕಲ್ಲು ಕಿತ್ತರು. ಪೋರ್ತುಗೀಸ್ ವ್ಯಾಪಾರಿ ನ್ಯೂನಿಜ್ ಇದನ್ನು ಬರೆದಿಟ್ಟಿದ್ದಾನೆ. ಅಂದರೆ ಪಾದ್ರಿ ಬರುವ ಮೊದಲೇ ನಮ್ಮ ಸೀಮೆಯ ಜನ ಪೋರ್ತುಗೀಸರನ್ನು ಕಂಡಿದ್ದರು. ಅವರು ಬಂದಿದ್ದು ವ್ಯಾಪಾರಿಯಾಗಿ, ಬಂದೂಕಿನವರಾಗಿ. ಶಿಲುಬೆ ಆಮೇಲೆ ಬಂತು.

ಮುದಗಲ್ಲಿಗೆ ಧರ್ಮ ತಂದವರು ಗೋವಾದ ಯೇಸುಸಭೆಯ ಪಾದ್ರಿಗಳು ಅನ್ನುವುದು ಬಹುಕಾಲದ ಮಾತು. ಯೇಸುಸಭೆ ಅನ್ನುವುದು ಕಥೋಲಿಕ ಸನ್ಯಾಸಿಗಳ ಒಂದು ಸಂಘ. 1540ರಲ್ಲಿ ಪೋಪ್ ಅದಕ್ಕೆ ಮನ್ನಣೆ ಕೊಟ್ಟರು. ಅದರ ಮೊದಲಿಗರಲ್ಲಿ ಒಬ್ಬರಾದ ಸಂತ ಫ್ರಾನ್ಸಿಸ್ ಜೇವಿಯರ್ 1542ರ ಮೇ ತಿಂಗಳಲ್ಲಿ ಗೋವಾದಲ್ಲಿ ಇಳಿದರು. ಮುದಗಲ್ಲಿನ ಬಗ್ಗೆ ಮಾತಾಡುವಾಗ ಅವರ ಹೆಸರು ಬಂದೇ ಬರುತ್ತದೆ. ಇಲ್ಲೊಂದು ಸಣ್ಣ ಲೆಕ್ಕ ಹಾಕಬೇಕು. ಜೇವಿಯರ್ ತೀರಿಕೊಂಡದ್ದು 1552ರ ಡಿಸೆಂಬರಿನಲ್ಲಿ, ಚೀನಾದ ತೀರದ ಒಂದು ದ್ವೀಪದಲ್ಲಿ. 1557ಕ್ಕೆ ಅವರು ಹೋಗಿ ಐದು ವರ್ಷ ಸಮೀಪಿಸುತ್ತಿತ್ತು. ಹಾಗಾಗಿ ಹಳೆಯ ಬರಹಗಳು ಹೇಳುವುದು ಜೇವಿಯರ್ ಬಂದರು ಅಂತಲ್ಲ, ಅವರ ಸಂಘದ ಪಾದ್ರಿಗಳು ಬಂದರು ಅಂತ. ಮಾತು ಬಾಯಿಂದ ಬಾಯಿಗೆ ಹೋಗುವಾಗ ಶಿಷ್ಯರ ಕೆಲಸ ಗುರುವಿನ ಹೆಸರಿಗೆ ಸೇರುತ್ತದೆ. ಎಲ್ಲ ಧರ್ಮದಲ್ಲೂ ಹೀಗೆ ಆಗುತ್ತದೆ.

ಇನ್ನು 1557 ಅನ್ನುವ ವರ್ಷ. ಅದನ್ನೂ ಸುಮ್ನೆ ಒಪ್ಪಿಕೊಂಡು ಮುಂದೆ ಹೋಗಬಾರದು, ಅದರ ಸುತ್ತ ಏನು ನಡೆದಿತ್ತು ನೋಡಬೇಕು. ಅದು ಬಿಜಾಪುರದ ಮೊದಲನೇ ಇಬ್ರಾಹಿಂ ಆದಿಲ್ ಶಾಹನ ಕೊನೆಗಾಲ. 1558ರಲ್ಲಿ ಮಗ ಅಲಿ ಆದಿಲ್ ಶಾ ಪಟ್ಟಕ್ಕೆ ಬಂದ. ತಂದೆ ಮಗನ ಹೆಸರು ಈ ಕಥೆಯಲ್ಲಿ ಕಲೆಯುವುದಕ್ಕೆ ಇದೇ ಕಾರಣ. ಅಲಿಗೆ ಬೇರೆ ಧರ್ಮದವರ ಜೊತೆ ಮಾತಾಡುವ ಆಸೆ ಬಹಳ. ಪಟ್ಟಕ್ಕೆ ಬಂದ ಮೂರು ವರ್ಷಕ್ಕೆ, 1561ರಲ್ಲಿ, ಓದಿಕೊಂಡ ಪಾದ್ರಿಗಳನ್ನು ಕಳಿಸಿ ಅಂತ ಗೋವಾಕ್ಕೆ ಹೇಳಿಕಳಿಸಿದ. ಅಲ್ಲಿಂದ ಯೇಸುಸಭೆಯ ಗೊನ್ಸಾಲೊ ರೊಡ್ರಿಗ್ಸ್ ಮುಂತಾದವರು ಬಿಜಾಪುರಕ್ಕೆ ಹೋದರು. ಅದೇ ಅಲಿ 1570ರಲ್ಲಿ ದೊಡ್ಡ ಸೈನ್ಯ ಕಟ್ಟಿಕೊಂಡು ಗೋವಾಕ್ಕೇ ಮುತ್ತಿಗೆ ಹಾಕಿದ. ಪಾದ್ರಿಯ ಜೊತೆ ಮಾತು, ಪೋರ್ತುಗಲ್ ಜೊತೆ ಯುದ್ಧ. ಅವನಿಗೆ ಇವು ಎರಡು ಬೇರೆ ವಿಷಯ. ಇದನ್ನು ಅರ್ಥ ಮಾಡಿಕೊಂಡರೆ ಒಬ್ಬ ಸುಲ್ತಾನನ ನಾಡಿನಲ್ಲಿ ಚರ್ಚು ಹೇಗೆ ನಿಂತಿತು ಅನ್ನುವ ಅರ್ಧ ಗೋಜಲು ಬಿಡಿಸಿದ ಹಾಗೆ.

ಉಳಿದ ಅರ್ಧ ಇನಾಮಿನಲ್ಲಿದೆ. ಮುದಗಲ್ ಚರ್ಚಿಗೆ ಆದಿಲ್ ಶಾಹಿಗಳಿಂದ ಇನಾಮು ಸಿಕ್ಕಿತ್ತು ಅಂತ ಹಳೆಯ ಬರಹಗಳು ಹೇಳುತ್ತವೆ. ಇದನ್ನು ಕೇಳಿ ಕೆಲವರಿಗೆ ಅಚ್ಚರಿ, ಕೆಲವರಿಗೆ ಅನುಮಾನ. ಎರಡೂ ಬೇಕಿಲ್ಲ. ಆ ಕಾಲದ ಸರ್ಕಾರದಲ್ಲಿ ಇನಾಮು ಅನ್ನುವುದು ದಿನನಿತ್ಯದ ಆಡಳಿತ. ಇಂತಿಷ್ಟು ಭೂಮಿಯ ಕಂದಾಯ ಸರ್ಕಾರಕ್ಕೆ ಬೇಡ, ಇಂಥವರಿಗೆ ಹೋಗಲಿ ಅಂತ ಬರೆದು ಮುದ್ರೆ ಹಾಕಿದರೆ ಇನಾಮು. ಮಸೀದಿ, ದರ್ಗಾ, ದೇವಸ್ಥಾನ, ಮಠ ಎಲ್ಲಕ್ಕೂ ಹೀಗೆ ಬಿಡುತ್ತಿದ್ದರು. ಗಡಿ ಊರಿನಲ್ಲಿ ನೆಲೆ ನಿಂತು ದುಡಿಯುವ ಜನ ಅರಸನಿಗೆ ಬೇಕು. ಅವರು ಯಾವ ದೇವರ ಹೆಸರಿಗೆ ದೀಪ ಹಚ್ಚುತ್ತಾರೋ ಆ ದೀಪಕ್ಕೆ ಎಣ್ಣೆಯ ಖರ್ಚು ಭೂಮಿಯಿಂದ ಬರಲಿ. ಇದು ಅದರ ಹಿಂದಿನ ವಿಚಾರ. ಚರ್ಚು ಕೂಡ ಈ ಸಾಲಿಗೆ ಸೇರಿತು ಅಂದರೆ, ಅಧಿಕಾರಿಗಳ ಕಣ್ಣಿಗೆ ಈ ಜನ ಪರದೇಶಿಗಳಾಗಿ ಕಾಣಲಿಲ್ಲ, ಊರವರಾಗಿಯೇ ಕಂಡರು ಅಂತ ನಾನು ಓದಿಕೊಳ್ಳುತ್ತೇನೆ.

ಇಷ್ಟರಲ್ಲಿ ಕೋಟೆ ಕೈ ಬದಲಾಯಿಸುತ್ತಲೇ ಇತ್ತು. 1520ರಲ್ಲಿ ದೋಆಬ್ ವಿಜಯನಗರದ ಪಾಲು. ಕೃಷ್ಣದೇವರಾಯ ತೀರಿಕೊಂಡ ಮೇಲೆ ಇಸ್ಮಾಯಿಲ್ ಆದಿಲ್ ಶಾ ರಾಯಚೂರು, ಮುದಗಲ್ ಎರಡನ್ನೂ ವಾಪಸ್ ತೆಗೆದುಕೊಂಡ. ತಾಳಿಕೋಟೆ ಯುದ್ಧಕ್ಕೆ ಸ್ವಲ್ಪ ಮುಂಚೆ ಅಲಿ ಆದಿಲ್ ಶಾ ವಿಜಯನಗರವನ್ನು ಆಳುತ್ತಿದ್ದ ರಾಮರಾಯನಿಗೆ ದೂತನನ್ನು ಕಳಿಸಿ ಈ ಕೋಟೆಗಳನ್ನು ಕೊಡು ಅಂತ ಕೇಳಿದ, ರಾಮರಾಯ ದೂತನನ್ನು ಓಡಿಸಿದ ಅಂತ ಫರಿಷ್ತಾ ಬರೆಯುತ್ತಾನೆ. ಅಂದರೆ ನಡುವೆ ಮತ್ತೆ ವಿಜಯನಗರದ ಕೈಗೆ ಹೋಗಿತ್ತು. 1565ರ ನಂತರ ಬಿಜಾಪುರ. 1686ರಲ್ಲಿ ಬಿಜಾಪುರವೇ ಔರಂಗಜೇಬನಿಗೆ ಬಿತ್ತು. 1724ರಿಂದ ನಿಜಾಮರು. 1853ರಿಂದ 1860ರವರೆಗೆ ಮಾತ್ರ ದೋಆಬ್ ಬ್ರಿಟಿಷರ ಕೈಯಲ್ಲಿತ್ತು, ನಿಜಾಮರ ಸಾಲದ ಬಾಬತ್ತಿಗೆ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಕರ್ನಾಟಕಕ್ಕೆ ಸೇರಿದೆವು.

ಈಗ ಗೋಜಲಿನ ಭಾಗಕ್ಕೆ ಬರೋಣ. ಕೋಟೆಗೆ ಯಜಮಾನ ಯಾರು ಅಂತ ಯುದ್ಧ ತೀರ್ಮಾನಿಸುತ್ತಿತ್ತು. ಚರ್ಚಿಗೆ ಯಜಮಾನ ಯಾರು ಅನ್ನುವ ಜಗಳ ಕಾಗದದಲ್ಲಿ ನಡೆಯಿತು. ಅದು ನಡೆದದ್ದು ಸುಮಾರು ಮುನ್ನೂರು ವರ್ಷ.

ಹದಿನೈದನೇ ಶತಮಾನದಲ್ಲಿ ಪೋಪರು ಪೋರ್ತುಗಲ್ ರಾಜನಿಗೆ ಒಂದು ದೊಡ್ಡ ಹಕ್ಕು ಕೊಟ್ಟರು. ನೀನು ಹೊಸ ಸಮುದ್ರಮಾರ್ಗದಲ್ಲಿ ಹೋಗುವ ನಾಡುಗಳಲ್ಲಿ ಚರ್ಚು ಕಟ್ಟು, ಪಾದ್ರಿಗಳ ಖರ್ಚು ನೋಡಿಕೋ. ಬದಲಿಗೆ ಅಲ್ಲಿ ಬಿಷಪ್ ಯಾರಾಗಬೇಕು ಅನ್ನುವುದನ್ನು ಸೂಚಿಸುವ ಅಧಿಕಾರ ನಿನ್ನದು. ಇದನ್ನು ಪದ್ರುವಾದೊ ಅನ್ನುತ್ತಾರೆ. ದೇವಸ್ಥಾನಕ್ಕೆ ಜೀರ್ಣೋದ್ಧಾರ ಮಾಡಿಸಿದ ಮನೆತನ ಪೂಜಾರಿಯನ್ನು ನೇಮಿಸುವ ಹಕ್ಕು ಇಟ್ಟುಕೊಳ್ಳುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡಿಲ್ಲವೇ? ಅದೇ ತರಹದ್ದು, ಅರ್ಧ ಜಗತ್ತಿನ ಅಳತೆಯಲ್ಲಿ. 1530ರ ದಶಕದಲ್ಲಿ ಗೋವಾಕ್ಕೆ ಬಿಷಪ್ ಪೀಠ ಬಂದ ಮೇಲೆ ಮುದಗಲ್ಲಿನಂಥ ಊರಿನ ಚರ್ಚು ಕೂಡ ಗೋವಾದ ಕಡೆಗೇ ನೋಡಬೇಕಾಯಿತು.

ಆದರೆ ಪೋರ್ತುಗಲ್ ಚಿಕ್ಕ ದೇಶ. ಅದರ ಬಾವುಟ ಹಾರದ ಕಡೆ, ಅಂದರೆ ಬಿಜಾಪುರ, ಗೋಲ್ಕೊಂಡ, ಮೊಗಲರ ಸೀಮೆಗಳಲ್ಲಿ, ಆ ಹಕ್ಕು ಕಾಗದದ ಮೇಲೆ ಇತ್ತು, ಪಾದ್ರಿಗಳು ಸಾಲುತ್ತಿರಲಿಲ್ಲ. 1622ರಲ್ಲಿ ರೋಮ್ ಒಂದು ಹೊಸ ಇಲಾಖೆ ಮಾಡಿತು, ಧರ್ಮಪ್ರಚಾರದ ಕೆಲಸವನ್ನು ತಾನೇ ನೋಡಿಕೊಳ್ಳುವುದಕ್ಕೆ. ಅದರ ಹೆಸರು ಪ್ರೊಪಗಾಂಡ. ಈ ಇಲಾಖೆ ಬಿಷಪ್ ಪೀಠ ಹೊಸದಾಗಿ ಮಾಡುವಂತಿರಲಿಲ್ಲ, ಮಾಡಿದರೆ ಪೋರ್ತುಗಲ್ ರಾಜ ಸಿಟ್ಟಾಗುತ್ತಾನೆ. ಅದಕ್ಕೆ ಒಂದು ದಾರಿ ಹುಡುಕಿದರು. ಪೋಪರ ಪ್ರತಿನಿಧಿ ಅಂತ ಒಬ್ಬರನ್ನು ಕಳಿಸಿದರು. ದರ್ಜೆಯಲ್ಲಿ ಬಿಷಪ್ಪೇ, ಆದರೆ ಆ ಊರಿನ ಬಿಷಪ್ ಅಂತ ಕರೆಯುವುದಿಲ್ಲ. ಇವರಿಗೆ ಅಪೊಸ್ತೊಲಿಕ್ ವಿಕಾರ್ ಅನ್ನುತ್ತಾರೆ.

ಭಾರತದಲ್ಲಿ ಈ ದಾರಿಯನ್ನು ಮೊದಲು ಹಿಡಿದದ್ದು ನಮ್ಮ ಬಿಜಾಪುರ ರಾಜ್ಯಕ್ಕೇ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗೋವಾದ ದಿವಾರ್ ದ್ವೀಪದ ಬ್ರಾಹ್ಮಣ ಮೂಲದ ಮನೆತನದ ಮ್ಯಾಥ್ಯೂಸ್ ದೆ ಕ್ಯಾಸ್ಟ್ರೋ ಅವರಿಗೆ ಗೋವಾದಲ್ಲಿ ಗುರುಪಟ್ಟ ಸಿಗಲಿಲ್ಲ. ಅವರು ರೋಮಿಗೆ ಹೋದರು, ಅಲ್ಲಿ ಓದಿ ಗುರುವಾದರು. 1637ರಲ್ಲಿ ಬಿಷಪ್ಪೂ ಆದರು. ಲ್ಯಾಟಿನ್ ರೀತಿಯ ಕಥೋಲಿಕರಲ್ಲಿ ಬಿಷಪ್ ಪದವಿಗೇರಿದ ಮೊದಲ ಭಾರತೀಯ ಅವರು. ಅವರಿಗೆ ಕೊಟ್ಟ ಸೀಮೆಯ ಹೆಸರು ಇದಲ್ಕನ್. ಆದಿಲ್ ಖಾನನ ರಾಜ್ಯ ಅಂತ ಅರ್ಥ, ಅಂದರೆ ಬಿಜಾಪುರ. ಆಗ ಮುದಗಲ್ ಇದ್ದದ್ದು ಆ ರಾಜ್ಯದಲ್ಲಿಯೇ. ಗೋವಾದ ಆರ್ಚ್‌ಬಿಷಪ್ಪರು ಅವರನ್ನು ಒಪ್ಪಲಿಲ್ಲ. ದೆ ಕ್ಯಾಸ್ಟ್ರೋ ಗೋವಾದ ಅಂಚಿನಲ್ಲಿ, ಬಿಜಾಪುರದ ಕೈಯಲ್ಲಿದ್ದ ಬಿಚೋಲಿಯಲ್ಲಿ ಕೂತು ಕೆಲಸ ಮಾಡಿದರು. ಪೋರ್ತುಗೀಸರ ಜೊತೆ ಅವರ ಜಗಳ ಕೊನೆಯವರೆಗೂ ಬಗೆಹರಿಯಲಿಲ್ಲ. 1677ರಲ್ಲಿ ಅವರು ತೀರಿಕೊಂಡದ್ದು ರೋಮಿನಲ್ಲಿ. ಬಣ್ಣದ ಕಾರಣಕ್ಕೆ, ಹುಟ್ಟಿನ ಕಾರಣಕ್ಕೆ ತಮ್ಮವರನ್ನು ಹಿಂದೆ ಇಡುತ್ತಿದ್ದದ್ದನ್ನು ನೇರ ಪೋಪರ ಮುಂದೆ ಹೇಳಿದ ಮನುಷ್ಯ. ನನಗೆ ಅವರ ಬಗ್ಗೆ ದೊಡ್ಡ ಗೌರವ ಇದೆ. ಕರ್ನಾಟಕದ ಶಾಲಾ ಪಾಠದಲ್ಲಿ ಅವರ ಹೆಸರು ಒಂದು ಸಾಲಾದರೂ ಬರಬೇಕಿತ್ತು.

ಇಬ್ಬರು ಯಜಮಾನರು ಅಂದರೆ ಸಾಮಾನ್ಯ ಭಕ್ತರಿಗೆ ಏನು ತೊಂದರೆ? ಯಾರಾದರೂ ಇರಲಿ, ಪೂಜೆ ನಡೆದರೆ ಸಾಕಲ್ವಾ? ಸಾಲುವುದಿಲ್ಲ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಒಂದು ಚಿಕ್ಕ ಎಣ್ಣೆಯ ಕರಡಿಗೆ. ಕಥೋಲಿಕ ಚರ್ಚಿನಲ್ಲಿ ಮೂರು ತರಹದ ಪವಿತ್ರ ತೈಲ ಇರುತ್ತದೆ. ದೀಕ್ಷಾಸ್ನಾನಕ್ಕೆ (ಬ್ಯಾಪ್ಟಿಸಂ) ಮೊದಲು ಹಚ್ಚುವುದು ಒಂದು. ಕಾಯಿಲೆಯವರಿಗೆ ಹಚ್ಚುವುದು ಒಂದು. ಸುಗಂಧ ಬೆರೆಸಿದ ಮೂರನೆಯದು ದೀಕ್ಷಾಸ್ನಾನದ ನಂತರ ನೆತ್ತಿಗೆ, ದೊಡ್ಡವರಾದ ಮೇಲೆ ನಂಬಿಕೆ ಗಟ್ಟಿಮಾಡುವ ದೃಢೀಕರಣದ ವಿಧಿಯಲ್ಲಿ ಹಣೆಗೆ. ಇವನ್ನು ಊರಿನ ಪಾದ್ರಿ ತಾವೇ ಮಾಡಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ, ಪಾಸ್ಕ ಅಂದರೆ ಈಸ್ಟರ್ ಹಬ್ಬದ ಹಿಂದಿನ ಪವಿತ್ರ ಗುರುವಾರದ ಹೊತ್ತಿಗೆ, ಬಿಷಪ್ ತಮ್ಮ ದೊಡ್ಡ ಚರ್ಚಿನಲ್ಲಿ ಆಶೀರ್ವದಿಸುತ್ತಾರೆ. ಅಲ್ಲಿಂದ ಚಿಕ್ಕ ಚಿಕ್ಕ ಕರಡಿಗೆಯಲ್ಲಿ ಒಂದೊಂದು ಊರಿಗೆ ಹೋಗುತ್ತದೆ. ಮುದಗಲ್ಲಿನ ಕೂಸಿನ ನೆತ್ತಿಗೆ ಹಚ್ಚುವ ಎಣ್ಣೆ ಎಲ್ಲಿಂದ ಬಂತು? ಗೋವಾದಿಂದಲೋ ಹೈದರಾಬಾದಿನಿಂದಲೋ? ಇದರ ಉತ್ತರವೇ ಆ ವರ್ಷದ ಯಜಮಾನ ಯಾರು ಅನ್ನುವುದರ ಉತ್ತರ. ಪೂಜೆಯಲ್ಲೂ ಅಷ್ಟೇ. ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಮುಖ್ಯ ಪ್ರಾರ್ಥನೆಯಲ್ಲಿ ಪೋಪರ ಹೆಸರಾದ ಮೇಲೆ ಆ ಸೀಮೆಯ ಬಿಷಪ್ಪರ ಹೆಸರು ಹೇಳಬೇಕು. ಇಬ್ಬರು ಜಗಳದಲ್ಲಿದ್ದರೆ ಪಾದ್ರಿ ಯಾವ ಹೆಸರು ಹೇಳಬೇಕು?

ಮದುವೆಯ ವಿಷಯ ಇನ್ನೂ ಸೂಕ್ಷ್ಮ. 1563ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ಒಂದು ಕಟ್ಟಳೆ ಮಾಡಿತು. ಆ ಊರಿನ ಅಧಿಕೃತ ಗುರು ಮತ್ತು ಇಬ್ಬರು ಮೂವರು ಸಾಕ್ಷಿ ಇಲ್ಲದೆ ಆದ ಮದುವೆ ಮದುವೆಯೇ ಅಲ್ಲ. ಈಗ ಎರಡು ಕಡೆಯ ಪಾದ್ರಿಗಳೂ ಈ ಸೀಮೆ ನಮ್ಮದು ಅನ್ನುವಾಗ ಅಧಿಕೃತ ಗುರು ಯಾರು? ತಪ್ಪು ಪಾದ್ರಿಯ ಮುಂದೆ ತಾಳಿ ಕಟ್ಟಿದರೆ ಮಕ್ಕಳ ಮಾತೇನು? ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣ ಭಾರತದ ಎಷ್ಟೋ ಊರುಗಳಲ್ಲಿ ಈ ಭಯ ಇತ್ತು. ಲಿಸ್ಬನ್, ರೋಮ್‌ನಲ್ಲಿ ಕೂತವರಿಗೆ ಅದು ಹಕ್ಕಿನ ಪ್ರಶ್ನೆ. ಊರಿನ ತಾಯಿಗೆ ಅದು ಮಗಳ ಮಾನದ ಪ್ರಶ್ನೆ.

ಜಗಳ ಮುಗಿದ ಬಗೆ ಇಷ್ಟು. ಪೋರ್ತುಗಲ್ 1759ರಲ್ಲಿ ತನ್ನ ಸೀಮೆಯಿಂದ ಯೇಸುಸಭೆಯವರನ್ನು ಹೊರಹಾಕಿತು. 1773ರಲ್ಲಿ ಪೋಪರೇ ಆ ಸಂಘವನ್ನು ಮುಚ್ಚಿದರು. ಅದು ಮತ್ತೆ ತೆರೆದದ್ದು 1814ರಲ್ಲಿ. ಮೊದಲು ಬಂದು ನೆಟ್ಟವರೇ ಇಲ್ಲದಾದರು. 1838ರಲ್ಲಿ ರೋಮ್ ಪೋರ್ತುಗಲ್ಲಿನ ಹಳೆಯ ಹಕ್ಕಿಗೆ ದೊಡ್ಡ ಕತ್ತರಿ ಹಾಕಿತು, ಜಗಳ ಇನ್ನೂ ಜಾಸ್ತಿ ಆಯಿತು. 1851ರಲ್ಲಿ ನಿಜಾಮರ ಸೀಮೆಗೆ ಹೈದರಾಬಾದಿನಲ್ಲಿ ಬೇರೆ ವಿಕಾರ್ ಬಂದರು. ಸ್ವಲ್ಪ ಕಾಲದಲ್ಲೇ ಇಟಲಿಯ ಮಿಲಾನಿನ ಮಿಷನರಿಗಳು ಅಲ್ಲಿ ಕೆಲಸಕ್ಕೆ ಇಳಿದರು. 1886ರಲ್ಲಿ ಪೋಪ್ ಹದಿಮೂರನೇ ಲಿಯೊ ಭಾರತಕ್ಕೆಲ್ಲ ಸೇರಿ ಬಿಷಪ್ ಪೀಠಗಳ ವ್ಯವಸ್ಥೆ ಮಾಡಿದರು, ಹೈದರಾಬಾದ್ ಧರ್ಮಪ್ರಾಂತ್ಯವಾಯಿತು. ಇಬ್ಬರು ಯಜಮಾನರ ಪದ್ಧತಿ ಪೂರ್ತಿ ತೆಗೆದುಹಾಕಿದ ಒಪ್ಪಂದ ಆದದ್ದು 1928ರಲ್ಲಿ. 1949ರ ಮಾರ್ಚಿನಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಹುಟ್ಟಿತು. ಅದರ ಮೊದಲ ಬಿಷಪ್ ಜಾನ್ ಫಾರೆಸ್ಟ್ ಹೋಗನ್, ಅಮೆರಿಕದ ಫ್ರಾನ್ಸಿಸ್ಕನ್ ಸಂಘದವರು. ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಈ ಸೀಮೆಯೆಲ್ಲ ಆ ಧರ್ಮಪ್ರಾಂತ್ಯಕ್ಕೆ ಸೇರಿದೆ. ಮುದಗಲ್ಲಿನ ಎಣ್ಣೆಯ ಕರಡಿಗೆ ಬಳ್ಳಾರಿಯಿಂದ ಬರುತ್ತದೆ.

ಈ ಮುನ್ನೂರು ವರ್ಷ ಪಾದ್ರಿ ಕೈಗೆ ಸಿಗುವುದೇ ಕಷ್ಟ. ಗೋವಾದಿಂದ ಘಟ್ಟ ಹತ್ತಿ, ಕೃಷ್ಣೆ ದಾಟಿ ಬರಬೇಕು. ಯುದ್ಧ, ಬರ, ಪಿಂಡಾರಿಗಳು. ಪಾದ್ರಿ ಇಲ್ಲದ ಕಾಲದಲ್ಲಿ ಜನ ಹೇಗೆ ಉಳಿದರು? ಇದಕ್ಕೆ ಕಥೋಲಿಕ ಕಟ್ಟಳೆಯಲ್ಲೇ ಸ್ವಲ್ಪ ಅವಕಾಶ ಇದೆ. ತುರ್ತು ಇದ್ದರೆ ದೀಕ್ಷಾಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ನೀರು ಸುರಿದು ತಂದೆ, ಮಗ, ಪವಿತ್ರಾತ್ಮರ ಹೆಸರು ಹೇಳಿದರೆ ಸಾಕು. ಸೂಲಗಿತ್ತಿಗೂ ಈ ಮಾತು ಕಲಿಸುತ್ತಿದ್ದರು. ಜಪಸರಕ್ಕೆ ಪಾದ್ರಿ ಬೇಕಿಲ್ಲ, ಬೆರಳು ಮತ್ತು ನೆನಪು ಸಾಕು. ಹಿರಿಯರೊಬ್ಬರು ಮುಂದೆ ನಿಂತು ಹೇಳಿದರೆ ಉಳಿದವರು ಹಿಂದೆ ಹೇಳುತ್ತಾರೆ. ಪೂಜೆ 1960ರ ದಶಕದವರೆಗೆ ಲ್ಯಾಟಿನ್‌ನಲ್ಲೇ ಇತ್ತು, ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಕನ್ನಡಕ್ಕೆ ಬಂತು. ಆದರೆ ಮನೆಯ ಪ್ರಾರ್ಥನೆ ಯಾವತ್ತೂ ಆಡುವ ಮಾತಿನಲ್ಲೇ. ಹೀಗಾಗಿ ಚರ್ಚಿನ ನಿಜವಾದ ಗೋಡೆ ಮನೆಯಲ್ಲಿತ್ತು, ಸಂಜೆಯ ಪ್ರಾರ್ಥನೆಯಲ್ಲಿತ್ತು. ಯಾವ ಪೋಪರ ಕಾಗದವೂ ಬಿಜಾಪುರದ ಯಾವ ಫರ್ಮಾನೂ ಇದನ್ನು ಕಟ್ಟಿದ್ದಲ್ಲ. ಅಜ್ಜಿಯರು ಕಟ್ಟಿದ್ದು.

ಇನ್ನೊಂದು ಗೊಂದಲ ಬಿಡಿಸಬೇಕು. ನಮ್ಮ ಮೂರು ಜಿಲ್ಲೆಯಲ್ಲಿ ಕ್ರೈಸ್ತರು ಅಂದರೆ ಒಂದೇ ಗುಂಪಲ್ಲ. ಮುದಗಲ್ಲಿನ ಸಾಲು ಗೋವಾದಿಂದ ಬಂದ ಕಥೋಲಿಕರದ್ದು. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು, ಅದು ಪ್ರಾಟೆಸ್ಟೆಂಟ್ ಸಾಲು. ಅವರು ಮತ್ತು ವಿಲಿಯಂ ರೀವ್ ಸೇರಿ ಬೈಬಲನ್ನು ಕನ್ನಡಕ್ಕೆ ತಂದರು. ರೀವ್ ಮಾಡಿದ ನಿಘಂಟುಗಳು 1824 ಮತ್ತು 1832ರಲ್ಲಿ ಬಂದವು, ಕಿಟ್ಟೆಲ್‌ಗಿಂತ ಆರೇಳು ದಶಕ ಮುಂಚೆ. ಕನ್ನಡಕ್ಕೆ ಬಳ್ಳಾರಿ ಕೊಟ್ಟ ಈ ದೊಡ್ಡ ಕೊಡುಗೆಯನ್ನು ನಾವು ಮರೆತಿದ್ದೇವೆ, ಅದಕ್ಕೇ ಬೇರೆ ಲೇಖನ ಬೇಕು. ಆ ಮಿಷನ್ನಿನ ಸಭೆಗಳು 1947ರಲ್ಲಿ ಸಿಎಸ್ಐಗೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾಗೆ, ಸೇರಿದವು. ರಾಯಚೂರಿನ ಕಡೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಮೆಥಡಿಸ್ಟರು ಬಂದರು, ಅವರು ಸಿಎಸ್ಐಗೆ ಸೇರದೆ ಪ್ರತ್ಯೇಕ ಉಳಿದರು. ಒಂದೇ ಊರಿನಲ್ಲಿ ಎರಡು ಚರ್ಚು ಕಂಡರೆ ಇದೇನು ಜಗಳವೋ ಅಂದುಕೊಳ್ಳಬೇಡಿ. ಮೂಲವೇ ಬೇರೆ. ಗುರುತಿಸುವುದೂ ಸುಲಭ: ಒಳಗೆ ಯೇಸುವಿನ ತಾಯಿ ಮರಿಯಮ್ಮನವರ, ಸಂತರ ಸ್ವರೂಪಗಳಿದ್ದು ಜನ ಜಪಸರ ಹಿಡಿದಿದ್ದರೆ ಅದು ಕಥೋಲಿಕರದ್ದು.

ಮುದಗಲ್ ಅಂದರೆ ಕಲ್ಯಾಣ ಕರ್ನಾಟಕದ ಮಂದಿಗೆ ಮೊದಲು ನೆನಪಾಗುವುದು ಮೊಹರಂ. ಹುಸೇನಿ ಆಲಂ ದರ್ಗಾದ ಅಲಾಯಿ ದೇವರುಗಳನ್ನು ನೋಡಲು ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ಹರಕೆ ಹೊತ್ತವರಲ್ಲಿ ಹಿಂದೂ ಮನೆಗಳವರೂ ಇರುತ್ತಾರೆ, ಮುಸ್ಲಿಂ ಮನೆಗಳವರೂ ಇರುತ್ತಾರೆ. ಇಂಥ ಊರಿನಲ್ಲಿ ಚರ್ಚೂ ನಾಲ್ಕೂವರೆ ಶತಮಾನ ಉಳಿದದ್ದನ್ನು ಬೇರೆಯಾಗಿ ನೋಡಬಾರದು. ಡಿಸೆಂಬರ್ ಬಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಗೋದಲಿ, ಕಟ್ಟುತ್ತಾರೆ, ಪಾಸ್ಕಕ್ಕೆ ಮೊದಲಿನ ತಪಸ್ಸು ಕಾಲದಲ್ಲಿ ಶುಕ್ರವಾರ ಶಿಲುಬೆ ಹಾದಿ ನಡೆಯುತ್ತಾರೆ. ಮಾತು ರಾಯಚೂರಿನ ಕನ್ನಡ, ಊಟ ಜೋಳದ ರೊಟ್ಟಿ. ಯಾರನ್ನೂ ಪರಕೀಯರು ಅನ್ನುವ ಮುಂಚೆ ಅವರು ಎಷ್ಟು ತಲೆಮಾರಿನಿಂದ ಇದೇ ಬಾವಿಯ ನೀರು ಕುಡಿದಿದ್ದಾರೆ ಅಂತ ಕೇಳುವುದು ಒಳ್ಳೆಯದು. ಮುದಗಲ್ಲಿನ ಕಥೋಲಿಕರ ಮಟ್ಟಿಗೆ ಉತ್ತರ, ಬಿಜಾಪುರದ ಗೋಲಗುಮ್ಮಟ ಕಟ್ಟುವುದಕ್ಕೂ ಮುಂಚಿನಿಂದ.

ಈ ಇತಿಹಾಸದ ಇನ್ನಷ್ಟು ಭಾಗ ಬೆಳಕಿಗೆ ಬರಬೇಕಾದರೆ ಹುಡುಕಬೇಕಾದ ಜಾಗ ಎರಡು. ಒಂದು ದೂರದ್ದು. ಯೇಸುಸಭೆಯವರು ವರ್ಷವರ್ಷ ಬರೆದ ಪತ್ರಗಳು ರೋಮ್, ಲಿಸ್ಬನ್, ಗೋವಾದ ಸಂಗ್ರಹಗಳಲ್ಲಿವೆ. ಅದಕ್ಕೆ ಪೋರ್ತುಗೀಸ್, ಲ್ಯಾಟಿನ್ ಬಲ್ಲವರು ಬೇಕು. ಇನ್ನೊಂದು ಹತ್ತಿರದ್ದು, ಅದಕ್ಕೆ ತಾಳ್ಮೆ ಇದ್ದರೆ ಸಾಕು. ಕಥೋಲಿಕ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರು ಇಡುವುದು ಕಡ್ಡಾಯ. ಒಂದೊಂದು ಸಾಲಿನಲ್ಲಿ ಕೂಸಿನ ಹೆಸರು, ತಂದೆ ತಾಯಿ, ಜ್ಞಾನದ ತಂದೆ ತಾಯಿ (ಗಾಡ್‌ಪೇರೆಂಟ್ಸ್), ಕೊನೆಗೆ ಪಾದ್ರಿಯ ಸಹಿ ಇರುತ್ತದೆ. ಸಹಿ ಗೋವಾದ ಮನೆತನದ್ದೋ, ಇಟಲಿಯವರದ್ದೋ, ಅಮೆರಿಕದವರದ್ದೋ, ನಮ್ಮ ಕಡೆಯವರದ್ದೋ ನೋಡಿದರೆ ಯಜಮಾನ ಬದಲಾದ ವರ್ಷ ತಾನಾಗಿ ಸಿಗುತ್ತದೆ. ಮಕ್ಕಳಿಗೆ ಯಾವ ಹೆಸರಿಟ್ಟರು, ಬರಗಾಲದ ವರ್ಷ ಎಷ್ಟು ಸಾವು ಬರೆದರು, ಮದುವೆಗೆ ಯಾವ ಊರಿನಿಂದ ಹೆಣ್ಣು ತಂದರು ಎಲ್ಲ ಅದರಲ್ಲೇ ಇರುತ್ತದೆ.

ಹಳೆಯ ಕಾಗದ ನಮ್ಮ ಬಿಸಿಲಿಗೆ, ಗೆದ್ದಲಿಗೆ ಬೇಗ ಹಾಳಾಗುತ್ತದೆ. ರಾಯಚೂರಿನಲ್ಲೇ ಈಗ ವಿಶ್ವವಿದ್ಯಾಲಯ ಇದೆ, ಇತಿಹಾಸ ಓದುವ ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಯಾರಾದರೂ ಮುದಗಲ್ಲಿನ ಫಾದರ್ ಹತ್ತಿರ ಹೋಗಿ, ಅನುಮತಿ ಕೇಳಿ, ಮೊದಲು ಇರುವ ರಿಜಿಸ್ಟರುಗಳ ಪುಟ ಪುಟದ ಫೋಟೊ ತೆಗೆದಿಡಲಿ. ಜೊತೆಗೆ ಎಂಬತ್ತು ದಾಟಿದ ಅಜ್ಜ ಅಜ್ಜಿಯರಿಗೆ ಬಾಯಿಪಾಠ ಬರುವ ಹಳೆಯ ಪ್ರಾರ್ಥನೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಲ್ಯಾಟಿನ್ ಪೂಜೆಯ ಕಾಲವನ್ನು ಕಂಡ ಕೊನೆಯ ತಲೆಮಾರು ಅದು.